ಸ್ಥೂಲಕಾಯದೊಳಗಿನ ಹಸಿವು

(ಶ್ರೀಮಠದ ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಲ್ಪಟ್ಟ ಭಾಷಣ)

 

ಶರಣಧರ್ಮದಲ್ಲಿ ಶರೀರವು ತುಚ್ಛವೆಂದು ಎಣಿಸಲ್ಪಟ್ಟಿಲ್ಲ. ಇಷ್ಟಲಿಂಗವು ನೆಲೆಗೊಳ್ಳುವದು ಈ ಶರೀರದ ಮೇಲೆಯೇ. ಕಾಯಕವು ನಡೆಯುವದು ಈ ಶರೀರದಿಂದಲೇ. ಅನ್ನವು ಲಿಂಗಾರ್ಪಿತವಾಗಿ ಪ್ರಸಾದವೆನಿಸಿದ ಬಳಿಕ ಸೇರುವದೂ ಈ ಶರೀರವನ್ನೇ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾಗಿರುವದರಿಂದ, ಆ ಪ್ರಸಾದದಲ್ಲಿ ಯಾವದು ರಕ್ತವಾಗುತ್ತದೆ, ಯಾವದು ಎಲುಬಾಗುತ್ತದೆ, ಯಾವದು ಬರಿಯ ಕೊಬ್ಬಾಗಿ ಸಂಗ್ರಹವಾಗುತ್ತದೆ ಎಂಬ ವಿಚಾರವು ಧರ್ಮಸಭೆಗೆ ಹೊರತಾದುದಲ್ಲ. ಈ ಗೋಷ್ಠಿಯಲ್ಲಿ ವಿವೇಚಿಸತಕ್ಕ ವಿಷಯವು ಸ್ತ್ರೀಯರ ಸ್ಥೂಲಕಾಯಕ್ಕೂ ಅವರ ಶರೀರದಲ್ಲಿಯ ಜೀವಸತ್ವ ಮತ್ತು ಖನಿಜಗಳ ಕೊರತೆಗೂ ಇರುವ ಸಂಬಂಧವು.

ಒಂದು ಮನೆಯ ಯಜಮಾನತಿಯನ್ನು ಸಭಿಕರು ಮನಸ್ಸಿಗೆ ತಂದುಕೊಳ್ಳಲಿ. ಆಕೆಗೆ ನಾಲ್ವತ್ತು ವರ್ಷ, ಮೈ ತುಂಬಿಕೊಂಡಿದೆ. ಬೆಳಗಿನಿಂದ ರಾತ್ರಿಯ ವರೆಗೆ ಮನೆಗೆಲಸವು ತಪ್ಪಿದ್ದಲ್ಲ. ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವಾಗುತ್ತಲೇ ಸುಸ್ತು, ಕಾಲಲ್ಲಿ ಸೆಳೆತ, ತಲೆಗೂದಲು ಉದುರುವದು. ಆಕೆಯು ದಣಿವೆಂದರೆ ಮನೆಯವರು ನಗುತ್ತಾರೆ. “ನಿನಗೇನು ಕೊರತೆ? ಚೆನ್ನಾಗಿ ಉಂಡು ದುಂಡಗಾಗಿದ್ದೀಯಲ್ಲ” ಎನ್ನುತ್ತಾರೆ. ನೆರೆಹೊರೆಯವರು ಸೋಮಾರಿತನವೆನ್ನುತ್ತಾರೆ. ಕೊನೆಗೆ ಆಕೆಯೂ ಹಾಗೆಯೇ ನಂಬಿ ನಾಚಿಕೆಯಿಂದ ಸುಮ್ಮನಾಗುತ್ತಾಳೆ. ಇಂಥ ತಾಯಿಯು ಪ್ರತಿಯೊಂದು ಊರಿನಲ್ಲಿಯೂ ಇದ್ದಾಳೆ. ದೇಹವು ದಪ್ಪವಾಗಿದ್ದ ಮಾತ್ರಕ್ಕೆ ಅದು ಪುಷ್ಟವಾಗಿದೆಯೆಂದು ತಿಳಿಯುವದು ದೊಡ್ಡ ಭ್ರಮೆಯು. ಉಗ್ರಾಣದಲ್ಲಿ ಸೌದೆ ರಾಶಿಯಾಗಿದ್ದರೂ ಉಪ್ಪಿಲ್ಲದಿದ್ದರೆ ಅಡಿಗೆಯು ರುಚಿಸದು. ಅಂತೆಯೇ ಶರೀರದಲ್ಲಿ ಉರಿಯತಕ್ಕ ಇಂಧನವು ಮಿತಿಮೀರಿ ತುಂಬಿದ್ದು, ಅದನ್ನು ಸರಿಯಾಗಿ ಬಳಸಲಿಕ್ಕೆ ಬೇಕಾದ ಸೂಕ್ಷ್ಮ ಸತ್ವಗಳು ಇಲ್ಲದಿರಬಹುದು.

ಈ ಸೂಕ್ಷ್ಮ ಸತ್ವಗಳ ಅರಿವು ಮನುಷ್ಯನಿಗೆ ಉಂಟಾದುದು ಇತ್ತೀಚೆಗೆಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಐಕ್‌ಮಾನ್ ಎಂಬ ಡಚ್ಚರ ವೈದ್ಯನು ಜಾವಾ ದ್ವೀಪದಲ್ಲಿದ್ದಾಗ, ನುಣುಪಾಗಿ ಪಾಲಿಷ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಕಾಲಿನ ಬಲಗುಂದಿ ಬೀಳುವದನ್ನೂ, ತೌಡುಳ್ಳ ಅಕ್ಕಿಯನ್ನು ತಿಂದವು ಚೇತರಿಸಿಕೊಳ್ಳುವದನ್ನೂ ಕಂಡನು. ಹೊಟ್ಟೆಯು ತುಂಬಿದರೂ ಶರೀರವು ಹಸಿದಿರಬಲ್ಲದೆಂಬ ಪಾಠವು ಅಲ್ಲಿ ದೊರೆಯಿತು. 1912ರಲ್ಲಿ ಕಾಸಿಮಿರ್ ಫಂಕನು ಇಂಥ ಸತ್ವಗಳಿಗೆ ವಿಟಮಿನ್ ಎಂಬ ಹೆಸರನ್ನು ಸೂಚಿಸಿದನು. ಐಕ್‌ಮಾನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಭಾರತದಲ್ಲಿಯೂ ಒಂದು ಸ್ಮರಣೀಯ ಕಾರ್ಯವು ನಡೆಯಿತು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದಳು. ಯೀಸ್ಟಿನ ಸಾರದಿಂದ ಅವರು ಗುಣಹೊಂದುವರೆಂದು 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಪ್ರಸಿದ್ಧವಾಯಿತು. ಬಡ ಗಿರಣಿ ಕೂಲಿಕಾರ್ತಿಯರ ಬಿಳಿಚಿದ ಮುಖಗಳನ್ನು ನೋಡಿ ಒಬ್ಬ ವೈದ್ಯೆಯು ಮರುಗಿದ್ದರಿಂದ ಲೋಕದ ತಾಯಂದಿರಿಗೆಲ್ಲ ಉಪಕಾರವಾಯಿತು.

ಆ ಕಾಲದಲ್ಲಿ ಕೊರತೆಯೆಂದರೆ ಬಡಕಲು ದೇಹವೆಂದೇ ಅರ್ಥವಾಗಿದ್ದಿತು. ಇಂದು ಸ್ಥಿತಿಯು ಬದಲಾಗಿದೆ. ಕಿಲೋಗ್ರಾಂಗಳಲ್ಲಿಯ ತೂಕವನ್ನು ಮೀಟರಿನಲ್ಲಿಯ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯು 25 ಅಥವಾ ಅದಕ್ಕೂ ಹೆಚ್ಚಾದರೆ ಅದನ್ನು ಅಧಿಕ ತೂಕವೆನ್ನುವರು. ಒಂದೂವರೆ ಮೀಟರ್ ಎತ್ತರದ ಸ್ತ್ರೀಯು ಸುಮಾರು 56 ಕಿಲೋಗ್ರಾಂ ತೂಗಿದರೆ ಈ ಮೇರೆಯನ್ನು ಮುಟ್ಟುತ್ತಾಳೆ. ಭಾರತೀಯರ ಹೊಟ್ಟೆಯ ಸುತ್ತಲೂ ಬೊಜ್ಜು ಬೇಗನೆ ಕೂಡುವದರಿಂದ, ಈ ಸಂಖ್ಯೆಯು 23ಕ್ಕೆ ಬಂದಾಗಲೇ ಎಚ್ಚರ ವಹಿಸತಕ್ಕದ್ದೆಂದೂ, ಸ್ತ್ರೀಯರ ಸೊಂಟದ ಸುತ್ತಳತೆಯು 80 ಸೆಂಟಿಮೀಟರನ್ನು ಮೀರಬಾರದೆಂದೂ ವೈದ್ಯರು ಹೇಳುತ್ತಾರೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ, ಭಾರತದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿಯ ತೂಕವು ಅಧಿಕವಾಗಿದ್ದಿತು; ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದ್ದಿತು. ಕರ್ನಾಟಕದಲ್ಲಿ ಅಧಿಕ ತೂಕದವರು ನೂರಕ್ಕೆ 30, ರಕ್ತಹೀನರು ನೂರಕ್ಕೆ ಸುಮಾರು 48. ಹಿಂದಿನ ಸಮೀಕ್ಷೆಯು ನಡೆದ 2015-16ರಲ್ಲಿ ಕರ್ನಾಟಕದ ಈ ಎರಡು ಸಂಖ್ಯೆಗಳು ಸುಮಾರು 23 ಮತ್ತು 45 ಆಗಿದ್ದುವು. ಎಂದರೆ ಒಂದೇ ಅವಧಿಯಲ್ಲಿ ಬೊಜ್ಜೂ ಬೆಳೆಯಿತು, ರಕ್ತಹೀನತೆಯೂ ಬೆಳೆಯಿತು. ತೆಳ್ಳಗಿನವರಲ್ಲಿ ರಕ್ತಹೀನತೆಯು ಹೆಚ್ಚೆಂಬುದು ನಿಜವು. ಆದರೆ ದಪ್ಪಗಿರುವವರು ಅದರಿಂದ ಪಾರಾಗಿದ್ದಾರೆಂಬುದು ಸುಳ್ಳು. ಎರಡೂ ಭಾರಗಳನ್ನು ಒಟ್ಟಿಗೆ ಹೊತ್ತ ಸ್ತ್ರೀಯರು ಅಸಂಖ್ಯರಿದ್ದಾರೆ.

ಇದು ಹೇಗೆ ಸಂಭವಿಸುತ್ತದೆ? ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ತಟ್ಟೆಯಲ್ಲಿದೆ, ಎರಡನೆಯದು ಶರೀರದೊಳಗಿದೆ.

ತಟ್ಟೆಯನ್ನು ಮೊದಲು ನೋಡತಕ್ಕದ್ದು. ಒಂದು ಗ್ರಾಂ ಎಣ್ಣೆಯು ಒಂಬತ್ತು ಕಿಲೋಕ್ಯಾಲರಿಗಳಷ್ಟು ಶಕ್ತಿಯನ್ನು ಕೊಡುತ್ತದೆ. ಒಂದು ಗ್ರಾಂ ಸಕ್ಕರೆಯು ನಾಲ್ಕು. ಆದರೆ ಇವೆರಡರಲ್ಲಿಯೂ ಕಬ್ಬಿಣವಾಗಲಿ, ಕ್ಯಾಲ್ಸಿಯಂ ಎಂಬ ಸುಣ್ಣದ ಸತ್ವವಾಗಲಿ ಇಲ್ಲವೆಂಬಷ್ಟು ಸ್ವಲ್ಪ. ರೊಟ್ಟಿಯ ಬದಲು ಮೈದೆಯ ತಿಂಡಿ, ಸೊಪ್ಪಿನ ಪಲ್ಯದ ಬದಲು ಕರಿದ ಪದಾರ್ಥ, ಮಜ್ಜಿಗೆಯ ಬದಲು ದಿನಕ್ಕೆ ನಾಲ್ಕು ಸಲ ಸಕ್ಕರೆ ಬೆರೆತ ಚಹ ಬಂದ ಮನೆಯಲ್ಲಿ ಶಕ್ತಿಯು ಹೆಚ್ಚುತ್ತದೆ, ಸತ್ವವು ಕುಂದುತ್ತದೆ. ಇದರ ಮೇಲೆ ಸ್ತ್ರೀಯರ ಪಾಲಿಗೆ ಇನ್ನೊಂದು ಕಷ್ಟವಿದೆ. ಮನೆಯವರೆಲ್ಲರೂ ಉಂಡ ಬಳಿಕ ಆಕೆಯು ಉಣ್ಣುತ್ತಾಳೆ. ಆ ಹೊತ್ತಿಗೆ ಪಲ್ಯವು ತಳ ಕಂಡಿರುತ್ತದೆ, ಬೇಳೆಯು ತಿಳಿಯಾಗಿರುತ್ತದೆ, ಮೊಸರು ಮಕ್ಕಳ ಪಾಲಾಗಿರುತ್ತದೆ. ಉಳಿದಿರುವದು ಅನ್ನವು. ಚೆಲ್ಲಬಾರದೆಂದು ಆ ಅನ್ನವನ್ನೆಲ್ಲ ಆಕೆಯೇ ಉಣ್ಣುತ್ತಾಳೆ. ಇಂತು ಹೊಟ್ಟೆಯು ತುಂಬುತ್ತದೆ, ಮೈ ಬೆಳೆಯುತ್ತದೆ, ರಕ್ತವು ಬಡವಾಗುತ್ತದೆ. ಪ್ರತಿ ತಿಂಗಳೂ ಋತುಸ್ರಾವದಿಂದ ಕಬ್ಬಿಣವು ನಷ್ಟವಾಗುವದೂ, ಗರ್ಭ ಮತ್ತು ಬಾಣಂತಿತನಗಳಲ್ಲಿ ಆಕೆಯ ಸತ್ವವು ಕೂಸಿಗೆ ಹೋಗುವದೂ ಇದಕ್ಕೆ ಕೂಡಿಕೊಳ್ಳುತ್ತವೆ.

ಶರೀರದೊಳಗಿನ ಕಾರಣವು ಇನ್ನೂ ಸೂಕ್ಷ್ಮವಾದುದು. ಬೊಜ್ಜು ಸುಮ್ಮನೆ ಬಿದ್ದಿರುವ ಗಂಟಲ್ಲ. ಅದು ಮಿತಿಮೀರಿದಾಗ ಶರೀರದಲ್ಲಿ ಕಣ್ಣಿಗೆ ಕಾಣದ ಮಂದವಾದ ಉರಿಯೂತವನ್ನು ಎಬ್ಬಿಸುತ್ತದೆ. ಆ ಉರಿಯೂತದಿಂದ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಈ ಹೆಪ್ಸಿಡಿನ್ ಕಬ್ಬಿಣದ ಬಾಗಿಲನ್ನು ಕಾಯುವ ದ್ವಾರಪಾಲಕನಂತಿದೆ. ಅದು ಹೆಚ್ಚಾದರೆ ಕರುಳಿನಿಂದ ರಕ್ತಕ್ಕೆ ಕಬ್ಬಿಣವು ಸಲೀಸಾಗಿ ದಾಟಲಾರದು. ಉಗ್ರಾಣದಲ್ಲಿದ್ದ ಕಬ್ಬಿಣವೂ ಹೊರಬೀಳಲಾರದು. ಸ್ಥೂಲಕಾಯದ ಹದಿಹರೆಯದವರ ರಕ್ತದಲ್ಲಿ ಕಬ್ಬಿಣವು ಕಡಿಮೆಯಿರುವದನ್ನು ಅಮೇರಿಕೆಯ ಸಂಶೋಧಕರು 1962ರಲ್ಲಿಯೇ ಕಂಡಿದ್ದರು. ಅದರ ಒಂದು ಮುಖ್ಯ ಕಾರಣವು ತಿಳಿದುಬಂದುದು ಹೆಪ್ಸಿಡಿನ್ ಗೊತ್ತಾದ ಮೇಲೆ, ಎಂದರೆ ಸುಮಾರು ನಾಲ್ವತ್ತು ವರ್ಷಗಳ ತರುವಾಯ. ಇಲ್ಲಿ ವೈದ್ಯರೂ ಎಚ್ಚರಿಕೆಯಿಂದಿರಬೇಕಾಗುತ್ತದೆ. ಶರೀರದ ಕಬ್ಬಿಣದ ಸಂಗ್ರಹವನ್ನು ಅಳೆಯಲು ಫೆರಿಟಿನ್ ಎಂಬುದನ್ನು ಪರೀಕ್ಷಿಸುವರು. ಆದರೆ ಉರಿಯೂತವಿದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಆದುದರಿಂದ ಸ್ಥೂಲಕಾಯದ ಸ್ತ್ರೀಯಲ್ಲಿ ಕೊರತೆಯಿದ್ದರೂ ಪರೀಕ್ಷೆಯ ಕಾಗದದಲ್ಲಿ ಎಲ್ಲವೂ ಸರಿಯಾಗಿ ಕಾಣಬಹುದು.

ಡಿ ಜೀವಸತ್ವದ ವಿಷಯವೂ ಹೀಗೆಯೇ. ಬಿಸಿಲು ತಗಲಿದಾಗ ಚರ್ಮದಲ್ಲಿ ಹುಟ್ಟುವ ಈ ಸತ್ವವು ಕೊಬ್ಬಿನಲ್ಲಿ ಕರಗತಕ್ಕದ್ದು. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ಥೂಲಕಾಯರಿಗೂ ತೆಳುಕಾಯರಿಗೂ ಒಂದೇ ಪ್ರಮಾಣದ ಅತಿನೇರಳೆ ಕಿರಣಗಳನ್ನು ಹಾಯಿಸಲಾಯಿತು. ಸ್ಥೂಲಕಾಯರ ರಕ್ತದಲ್ಲಿ ಈ ಸತ್ವದ ಏರಿಕೆಯು ನೂರಕ್ಕೆ 57 ಭಾಗ ಕಡಿಮೆಯಾಗಿದ್ದಿತು. ಹುಟ್ಟಿದ ಸತ್ವವು ಮೇದಸ್ಸಿನ ಕಣಜದಲ್ಲಿ ಹುದುಗಿ ರಕ್ತಕ್ಕೆ ಬಾರದೆ ಉಳಿಯುತ್ತದೆಂದು ಆ ಪ್ರಯೋಗದವರು ಅನುಮಾನಿಸಿದರು. ಡಿ ಸತ್ವವು ಸಾಲದಿದ್ದರೆ ಉಂಡ ಕ್ಯಾಲ್ಸಿಯಂ ಕೂಡ ಸರಿಯಾಗಿ ಹೀರಲ್ಪಡುವದಿಲ್ಲ; ಎಲುಬು, ಸ್ನಾಯುಗಳು ನೋಯುತ್ತವೆ; ನೋವಿನಿಂದ ನಡಿಗೆಯು ಕಡಿಮೆಯಾಗುತ್ತದೆ; ನಡಿಗೆಯು ಕಡಿಮೆಯಾದರೆ ಬೊಜ್ಜು ಮತ್ತಷ್ಟು ಏರುತ್ತದೆ. ಇದೊಂದು ಸುಳಿಯು.

ಹಾಗಾದರೆ ಜೀವಸತ್ವದ ಗುಳಿಗೆಗಳನ್ನು ನುಂಗಿದರೆ ಬೊಜ್ಜು ಕರಗುವದೇ? ಹೀಗೆಂದು ಮಾರುವವರು ಅನೇಕರಿದ್ದಾರೆ. ಆದರೆ ಶಾಸ್ತ್ರವು ಅದನ್ನು ಸಮರ್ಥಿಸುವದಿಲ್ಲ. ಸುಮಾರು 42 ಸಾವಿರ ಜನರ ಅನುವಂಶಿಕ ಗುರುತುಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬೊಜ್ಜು ಹೆಚ್ಚಿದರೆ ಡಿ ಸತ್ವವು ಇಳಿಯುವದೆಂದು ಕಂಡುಬಂದಿತು. ಡಿ ಸತ್ವವು ಇಳಿದುದರಿಂದ ಬೊಜ್ಜು ಬರುವದೆಂಬುದಕ್ಕೆ ಆಧಾರವು ದೊರೆಯಲಿಲ್ಲ. ಆದುದರಿಂದ ಕೊರತೆಯಿದ್ದಾಗ ಗುಳಿಗೆಯನ್ನು ಕೊರತೆ ನೀಗಲಿಕ್ಕೆ ತೆಗೆದುಕೊಳ್ಳತಕ್ಕದ್ದು, ತೆಳ್ಳಗಾಗಲಿಕ್ಕಲ್ಲ. ಎ ಮತ್ತು ಡಿ ಸತ್ವಗಳೂ ಕಬ್ಬಿಣವೂ ಮಿತಿಮೀರಿದರೆ ವಿಷವಾಗುತ್ತವೆ. ವೈದ್ಯರ ಸಲಹೆಯಿಲ್ಲದೆ ಅವುಗಳನ್ನು ಸೇವಿಸಬಾರದು.

ತೆಳ್ಳಗಾಗಲಿಕ್ಕೆ ಊಟವನ್ನೇ ಬಿಡುವದು ಇದಕ್ಕಿಂತಲೂ ದೊಡ್ಡ ತಪ್ಪು. ಮೊದಲೇ ಸತ್ವಹೀನವಾದ ದೇಹಕ್ಕೆ ಇದ್ದ ಸ್ವಲ್ಪ ಸತ್ವವೂ ತಪ್ಪಿಹೋಗುತ್ತದೆ. ಶ್ರಾವಣ ಸೋಮವಾರದ ಉಪವಾಸವು ಮನಸ್ಸಿನ ನಿಗ್ರಹಕ್ಕೆ ಏರ್ಪಟ್ಟದ್ದು. ಆದರೆ ಆ ದಿನ ಸಾಬೂದಾಣಿಯ ಖಿಚಡಿಯನ್ನೂ ಕರಿದ ಬಟಾಟೆಯನ್ನೂ ಹೊಟ್ಟೆತುಂಬ ತಿಂದರೆ ನಿಗ್ರಹವೂ ಆಗದು, ಪೋಷಣೆಯೂ ಆಗದು. ಸಾಬೂದಾಣಿಯು ಬಹುತೇಕ ಬರಿಯ ಪಿಷ್ಟವು. ಹಣ್ಣು, ಹಾಲು, ಮಜ್ಜಿಗೆಗಳಿಂದ ಉಪವಾಸವನ್ನು ಕಳೆಯುವದು ವ್ರತಕ್ಕೂ ದೇಹಕ್ಕೂ ಹಿತಕರವು.

ಶಾಕಾಹಾರಿಗಳಾದ ಶರಣಕುಟುಂಬಗಳು ಅರಿತಿರಲೇಬೇಕಾದ ಇನ್ನೊಂದು ಸಂಗತಿಯುಂಟು. ಬಿ-12 ಎಂಬ ಜೀವಸತ್ವವು ಕಾಳುಕಡಿ, ಕಾಯಿಪಲ್ಯಗಳಲ್ಲಿ ಸಹಜವಾಗಿ ದೊರೆಯುವದಿಲ್ಲ. ಶಾಕಾಹಾರಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಮೂಲವು. ಇದು ಕಡಿಮೆಯಾದರೆ ರಕ್ತಹೀನತೆಯಷ್ಟೇ ಅಲ್ಲದೆ ಕೈಕಾಲು ಜೋಮು ಹಿಡಿಯುವದು, ಮರೆವು, ನಡಿಗೆಯಲ್ಲಿ ತಡವರಿಕೆ ಉಂಟಾಗುತ್ತವೆ. ಬೊಜ್ಜಿನ ಬೆನ್ನ ಹಿಂದೆ ಸಕ್ಕರೆಕಾಯಿಲೆ ಬರುವದು ಸಾಮಾನ್ಯವು. ಅದಕ್ಕೆ ಕೊಡುವ ಮೆಟ್‌ಫಾರ್ಮಿನ್ ಔಷಧವು ಉತ್ತಮವಾದುದೇ; ಆದರೆ ಬಹುಕಾಲ ಸೇವಿಸಿದರೆ ಬಿ-12ನ್ನು ತಗ್ಗಿಸಬಲ್ಲದು. ಮಾತ್ರೆಯನ್ನು ತಾವಾಗಿ ಬಿಡದೆ, ಬಿ-12ರ ಪರೀಕ್ಷೆಯನ್ನು ಮಾಡಿಸಿಕೊಳ್ಳುವದೇ ವಿವೇಕವು.

ಗರ್ಭಿಣಿಯರ ವಿಷಯದಲ್ಲಿ ಉದಾಸೀನವು ಸಲ್ಲದು. ಗರ್ಭ ಧರಿಸಿದ 28 ದಿನಗಳೊಳಗಾಗಿ ಕೂಸಿನ ಮೆದುಳು ಮತ್ತು ಬೆನ್ನುಹುರಿಗಳ ನಾಳವು ಮುಚ್ಚಿಕೊಳ್ಳುತ್ತದೆ. ಆಗ ಫೋಲಿಕ್ ಆಮ್ಲವು ಸಾಲದಿದ್ದರೆ ಘೋರವಾದ ವಿಕಲತೆಯುಂಟಾಗಬಹುದು; ಸ್ಥೂಲಕಾಯದ ತಾಯಂದಿರಲ್ಲಿ ಈ ಭಯವು ಇನ್ನಷ್ಟು ಹೆಚ್ಚು. ಅನೇಕರಿಗೆ ಆ ಹೊತ್ತಿಗೆ ತಾವು ಗರ್ಭಿಣಿಯರೆಂಬುದೇ ಗೊತ್ತಾಗಿರುವದಿಲ್ಲ. ಆದುದರಿಂದ ಮಕ್ಕಳನ್ನು ಬಯಸುವ ಸ್ತ್ರೀಯು ಮೊದಲೇ ವೈದ್ಯರನ್ನು ಕಂಡು ಈ ಸತ್ವವನ್ನು ಆರಂಭಿಸತಕ್ಕದ್ದು. ಗರ್ಭಿಣಿಯರಿಗೆ ಸರಕಾರದ ವತಿಯಿಂದ ಕೊಡತಕ್ಕ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ದಪ್ಪಗಿದ್ದೇನೆ, ಇದು ತನಗೆ ಬೇಡವೆಂದು ಯಾವ ತಾಯಿಯೂ ಅದನ್ನು ಗೂಡಿನಲ್ಲಿಟ್ಟು ಮರೆಯದಿರಲಿ.

ಇನ್ನು ಪರಿಹಾರದ ವಿಚಾರವು. ಇದಕ್ಕಾಗಿ ಪರದೇಶದ ಪದಾರ್ಥಗಳನ್ನು ಹುಡುಕಬೇಕಾದುದಿಲ್ಲ. ಹಿರಿಯರ ಅಡಿಗೆಮನೆಯಲ್ಲಿಯೇ ಅದು ಬಹುಮಟ್ಟಿಗೆ ಇದ್ದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿದಂತೆ ಪ್ರೌಢ ಸ್ತ್ರೀಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣವೂ 1000 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಬೇಕು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ಪಾಲಿಷ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಕಬ್ಬಿಣದಲ್ಲಿಯೂ ಜೋಳ, ಸಜ್ಜೆ, ರಾಗಿಗಳು ಪಾಲಿಷ್ ಅಕ್ಕಿಯನ್ನು ಬಹಳವಾಗಿ ಮೀರಿಸುತ್ತವೆ. ಜೋಳದ ರೊಟ್ಟಿ, ಮೆಂತೆ ಅಥವಾ ರಾಜಗಿರಿ ಪಲ್ಯ, ಮೊಳಕೆ ಬರಿಸಿದ ಹೆಸರು ಅಥವಾ ಮಡಿಕೆ ಕಾಳು, ಒಂದು ಚಮಚೆ ಗುರೆಳ್ಳಿನ ಪುಡಿ, ಗಟ್ಟಿ ಮಜ್ಜಿಗೆ — ಈ ಊಟವು ಬಡವರದೆಂದು ಹಳಿಯಲ್ಪಟ್ಟಿತು. ಆದರೆ ಕೊಬ್ಬನ್ನು ಹೆಚ್ಚಿಸದೆ ರಕ್ತವನ್ನು ಬೆಳೆಸುವ ಊಟವು ಇದೇ.

ಉಣ್ಣುವ ಕ್ರಮವನ್ನೂ ಅರಿಯತಕ್ಕದ್ದು. ಸೊಪ್ಪುಕಾಳುಗಳ ಕಬ್ಬಿಣವು ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುವದಿಲ್ಲ. ಹುಳಿಹಣ್ಣಿನಲ್ಲಿರುವ ಸಿ ಜೀವಸತ್ವವು ಅದಕ್ಕೆ ನೆರವಾಗುತ್ತದೆ. ಪಲ್ಯದ ಮೇಲೆ ಅರ್ಧ ನಿಂಬೆಯನ್ನು ಹಿಂಡಿಕೊಳ್ಳುವದು, ಊಟದೊಡನೆ ಒಂದು ನೆಲ್ಲಿಕಾಯಿಯನ್ನೋ ಸೀಬೆಹಣ್ಣನ್ನೋ ತಿನ್ನುವದು ಅಲ್ಪ ಖರ್ಚಿನ ಮಹೋಪಕಾರವು. ಚಹ ಮತ್ತು ಕಾಫಿ ಇದಕ್ಕೆ ವಿರುದ್ಧವಾದುವು. ಊಟದ ಸಂಗಡ ಕುಡಿದರೆ ಅವು ಕಬ್ಬಿಣವನ್ನು ತಡೆಯುತ್ತವೆ. ಊಟಕ್ಕೂ ಚಹಕ್ಕೂ ಒಂದು ತಾಸಾದರೂ ಅಂತರವಿರಲಿ. ಬೆಲ್ಲದಲ್ಲಿ ಕಬ್ಬಿಣವಿದೆಯೆಂದು ಹೋಳಿಗೆ, ಹುಗ್ಗಿಗಳನ್ನು ನಿತ್ಯವೂ ಉಣ್ಣುವದು ಮೋಸವು. ಬೆಲ್ಲವು ಬಹುಪಾಲು ಸಕ್ಕರೆಯೇ. ಹಬ್ಬದ ಹೋಳಿಗೆಯು ಹಬ್ಬಕ್ಕಿರಲಿ. ಮೈಗೆ ಬಿಸಿಲು ತಗಲುವಂತೆ ಪ್ರತಿದಿನವೂ ಸ್ವಲ್ಪ ಹೊತ್ತು ಹೊರಗೆ ನಡೆಯುವದರಿಂದ ಡಿ ಸತ್ವವೂ ದೊರೆಯುತ್ತದೆ, ಬೊಜ್ಜೂ ತಗ್ಗುತ್ತದೆ. ತೂಕವು ನಿಧಾನವಾಗಿ ಇಳಿದರೆ ಉರಿಯೂತವು ಶಮನವಾಗಿ ಕಬ್ಬಿಣದ ಬಾಗಿಲು ಕೂಡ ತೆರೆಯತೊಡಗುತ್ತದೆ. ಸುಸ್ತು ಬಿಡದಿದ್ದರೆ ನಾಚಿಕೊಳ್ಳದೆ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಋತುಸ್ರಾವದ ಏರುಪೇರು, ಥೈರಾಯ್ಡ್ ಗ್ರಂಥಿಯ ಮಂದತೆ ಮೊದಲಾದ ಬೇರೆ ಕಾರಣಗಳೂ ಆಗ ಹೊರಬೀಳುತ್ತವೆ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯು ನೆನಪಿಗೆ ಬರುತ್ತದೆ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನ ಕಾಯಕವು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದು ತಮ್ಮದಲ್ಲವೆಂದು ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳು. ಆ ತಾಯಿಯು ಹಸಿವನ್ನು ಬೋಧಿಸಿದವಳಲ್ಲ; ಅಳತೆಯನ್ನು ಬೋಧಿಸಿದವಳು. ಬಡವರ ಆ ಮನೆಯಲ್ಲಿ ದಾಸೋಹವೂ ನಿಂತಿರಲಿಲ್ಲ. ಬೇಕಾದುದು ಬೇಕಾದಷ್ಟು, ಬೇಡವಾದುದು ಸ್ವಲ್ಪವೂ ಬೇಡ ಎಂಬುದೇ ಆಹಾರಶಾಸ್ತ್ರವು ಇಂದು ಹೇಳುವ ಮಾತು. ಆದರೆ ಈ ಅಳತೆಯ ಹೊರೆಯನ್ನು ಸ್ತ್ರೀಯೊಬ್ಬಳ ಮೇಲೆಯೇ ಹೊರಿಸುವದು ನ್ಯಾಯವಲ್ಲ. ಪಲ್ಯವೂ ಬೇಳೆಯೂ ಮೊಸರೂ ಮನೆಯ ಎಲ್ಲರಿಗೂ ಸಮನಾಗಿ ಬರಬೇಕಾದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಪಂಕ್ತಿಭೇದವನ್ನು ಅಳಿಸಿದ ಧರ್ಮವು ಅಡಿಗೆ ಮಾಡಿದವಳನ್ನೇ ಕೊನೆಯ ಪಂಕ್ತಿಗೆ ಕಳುಹಿಸುವದು ಒಪ್ಪುವದೇ?

ಮಠಗಳ ದಾಸೋಹದಲ್ಲಿಯೂ ಈ ವಿಚಾರಕ್ಕೆ ಸ್ಥಳವಿದೆ. ಸಾವಿರಾರು ಜನರು ಭಕ್ತಿಯಿಂದ ಸ್ವೀಕರಿಸುವ ಪ್ರಸಾದದಲ್ಲಿ ಅನ್ನ, ಹುಗ್ಗಿಗಳ ಜೊತೆಗೆ ಒಂದು ಸೌಟು ಕಾಳು, ಒಂದು ಹಿಡಿ ಸೊಪ್ಪು, ಒಂದು ಬಟ್ಟಲು ಮಜ್ಜಿಗೆ ಸೇರಿದರೆ, ಆ ಮಾದರಿಯು ಮನೆಮನೆಗೂ ಹಬ್ಬುತ್ತದೆ. ಭಕ್ತರು ಕಾಣಿಕೆಯಾಗಿ ಅಕ್ಕಿ, ಬೆಲ್ಲಗಳನ್ನು ತರುವಂತೆ ರಾಗಿ, ಜೋಳ, ಹೆಸರುಗಳನ್ನೂ ತರಬಹುದಾಗಿದೆ.

ತಾಯಂದಿರೇ, ದಪ್ಪಗಿರುವದು ಅಪರಾಧವಲ್ಲ, ದಣಿದಿರುವದು ಸೋಮಾರಿತನವಲ್ಲ. ಮೊದಲು ನೆನೆದ ಆ ಯಜಮಾನತಿಯು ನಾಳೆ ದಣಿವೆಂದಾಗ ಮನೆಯವರು ನಗದಿರಲಿ. ಆಕೆಯ ತಟ್ಟೆಯಲ್ಲಿ ಏನಿದೆಯೆಂದು ನೋಡಲಿ, ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ಯಲಿ. ಎಲ್ಲರಿಗೂ ಬಡಿಸುವ ಕೈಗೂ ಎಲ್ಲರೊಡನೆ ಪ್ರಸಾದವು ದೊರೆಯಲಿ. ಈ ಮಹೋತ್ಸವದ ನೆನಪಾಗಿ ಇಷ್ಟೊಂದು ಸಂಕಲ್ಪವು ಪ್ರತಿಯೊಂದು ಮನೆಯಲ್ಲಿ ನಿಂತರೆ ಗೋಷ್ಠಿಯು ಸಾರ್ಥಕವು.